ಡಾನ್ ಕ್ವಿಕ್ಸೋಟನ ಮೇಲೆ ದಾಸ್ತೊಯೆವ್‌ಸ್ಕಿಯ ಕಣ್ಣು

ಅಳಿಯನಾಗುವವನು ಮೊದಲ ಸಲ ಮನೆಗೆ ಬಂದರೆ ಅತ್ತೆಯಾದವಳು ಹೋಳಿಗೆ ಮಾಡಬೇಕು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮಾಡಿದ್ದು ಸಿದ್ಧಾಂತ. ಮಗಳು ಇಸಾಬೆಲ್ ಮೆಚ್ಚಿ ಕರೆತಂದ ಕ್ಲಾರೆನ್ಸ್ ಮೈಯರ್ಸ್ ಕಾನೂನು ಓದುತ್ತಿದ್ದ ಹುಡುಗ. ಹೆಸರಿಡುವಂಥ ಕುಂದು ಏನೂ ಇರಲಿಲ್ಲ. ಆದರೆ ತಾಯಿ-ಮಗಳು ಕಲ್ಪನೆಯಲ್ಲಿ ತೇಲುವವರು, ಅವನೋ ಕಣ್ಣಿಗೆ ಕಂಡದ್ದು, ಲೆಕ್ಕಕ್ಕೆ ಸಿಕ್ಕಿದ್ದು ಅಷ್ಟನ್ನೇ ನಂಬುವವನು. ಇಂಥ ಪ್ರಾಣಿಯೂ ಉಂಟೇ ಎಂದು ಕ್ಯಾಥರೀನ್ ಗ್ರಂಥಾಲಯಕ್ಕೆ ಹೋಗಿ ಮಹನೀಯರ ಜೀವನಚರಿತ್ರೆಗಳನ್ನು ಓದಿ, ಮನುಷ್ಯರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮದುವೆ 1918ರಲ್ಲೇ ಆಗಿಹೋಯಿತು, ಸಂಶೋಧನೆ ನಿಲ್ಲಲಿಲ್ಲ. 1923ರಲ್ಲಿ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್‌ನ ಮನುಷ್ಯರ ಬಗೆಗಳ ಕುರಿತಾದ ಗ್ರಂಥ ಇಂಗ್ಲಿಷಿಗೆ ಬಂದಾಗ ತಮ್ಮ ನಾಲ್ಕನ್ನೂ ಬದಿಗಿಟ್ಟು ಅವನ ಹಿಂದೆ ಹೋದರು.

ಮನೆಯ ಯಜಮಾನ ಲೈಮನ್ ಬ್ರಿಗ್ಸ್ ಭೌತವಿಜ್ಞಾನಿ. 1939ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಯುರೇನಿಯಂ ಸಮಿತಿಯನ್ನು ಒಪ್ಪಿಸಿದ್ದು ಇವರಿಗೇ. ಅಣುಬಾಂಬು ಸಾಧ್ಯವೇ ಎಂದು ಯಜಮಾನರು ವಿಚಾರಿಸುತ್ತಿದ್ದರೆ, ಅಳಿಯ ಅರ್ಥವಾಗುವುದು ಸಾಧ್ಯವೇ ಎಂದು ಯಜಮಾನಿ. ಬಾಂಬಿನ ಪ್ರಶ್ನೆಗೆ ಬೇಗ ಉತ್ತರ ಸಿಕ್ಕಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಮಗಳು ಯೂಂಗ್‌ನ ಬಗೆಗಳ ಆಧಾರದ ಮೇಲೆ ಒಂದು ಪ್ರಶ್ನಪತ್ರಿಕೆ ರೂಪಿಸಿದಳು. ಅದೇ ಎಂಬಿಟಿಐ, ಅಂದರೆ ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್: ಹದಿನಾರು ಬಗೆ, ಒಂದೊಂದಕ್ಕೂ ನಾಲ್ಕಕ್ಷರ. ತಾಯಿ-ಮಗಳಿಬ್ಬರೂ ಮನಶ್ಶಾಸ್ತ್ರದ ಪದವಿ ಪಡೆದವರಲ್ಲ. ಇಸಾಬೆಲ್‌ಗೆ ಅದಕ್ಕೆ ಮೊದಲು ಬಹುಮಾನ ಬಂದದ್ದು ಪತ್ತೇದಾರಿ ಕಾದಂಬರಿಗೆ. ಅವಳದು ಐಎನ್‌ಎಫ್‌ಪಿ, ಗಂಡನದು ಐಎಸ್‌ಟಿಜೆ. ನಾಲ್ಕರಲ್ಲಿ ಮೂರಕ್ಷರ ಉಲ್ಟಾ, ಆದರೂ ಸಂಸಾರ ಕೊನೆತನಕ ನಡೆಯಿತು. ಅದಕ್ಕೇ ಇರಬೇಕು, ಎಲ್ಲ ಬಗೆಯವರೂ ಒಳ್ಳೆಯವರೇ ಎಂದು ಹೇಳಿ, ಯಾರಿಗೆ ಯಾರು ಆಗಿಬರುವುದಿಲ್ಲ ಎಂಬ ಖಡಾಖಂಡಿತ ಪಟ್ಟಿಗೆ ಅವಳು ಕೈಹಾಕಲಿಲ್ಲ. ಜನರಿಗೆ ಬೇಕಾದದ್ದು ಮಾತ್ರ ಆ ಪಟ್ಟಿಯೇ.

ಅದನ್ನು ಕೊಟ್ಟವರು ಔಶ್ರಾ ಔಗುಸ್ತಿನಾವಿಚ್ಯೂತೆ. ಸೋವಿಯತ್ ಆಳ್ವಿಕೆಯ ಲಿಥುವೇನಿಯಾದವರು, ಓದಿದ್ದು ಅರ್ಥಶಾಸ್ತ್ರ. 1970ರ ದಶಕದಲ್ಲಿ ಅವರು ಯೂಂಗ್‌ನ ಬಗೆಗಳಿಗೆ ಪೋಲೆಂಡಿನ ಮನೋವೈದ್ಯ ಆಂತೋನಿ ಕೆಂಪಿನ್‌ಸ್ಕಿಯ ವಿಚಾರಗಳನ್ನು ಬೆರೆಸಿ ‘ಸೋಷಿಯಾನಿಕ್ಸ್’ ಕಟ್ಟಿದರು. ಇಲ್ಲೂ ಬಗೆಗಳು ಹದಿನಾರೇ. ಆದರೆ ಇವರು ಹದಿನಾರನ್ನು ಹದಿನಾರರ ಎದುರಿಗಿಟ್ಟು 256 ಮನೆಗಳ ಕೋಷ್ಟಕ ಬರೆದರು. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ನಡುವಿನ ಸಂಬಂಧಕ್ಕೆ ಅಲ್ಲೊಂದು ಹೆಸರಿದೆ.

ಬಗೆಗಳ ಅಡ್ಡಹೆಸರುಗಳು ಇನ್ನೂ ಸೊಗಸು. ಡಾನ್ ಕ್ವಿಕ್ಸೋಟ್, ಹ್ಯಾಮ್ಲೆಟ್, ನೆಪೋಲಿಯನ್, ಬಾಲ್ಜಾಕ್, ಜ್ಯಾಕ್ ಲಂಡನ್, ಮಾರ್ಷಲ್ ಝೂಕೊವ್, ಫ್ರೆಂಚ್ ನಟ ಜಾನ್ ಗಬಾ, ಸಾಲದ್ದಕ್ಕೆ 1973ರ ಸೋವಿಯತ್ ಟಿವಿ ಧಾರಾವಾಹಿಯ ಗೂಢಚಾರ ಸ್ಟಿರ್‌ಲಿಟ್ಸ್! ಗಂಡನ ಬಗ್ಗೆ ದೂರುವಾಗ ‘ಅಂತರ್ಮುಖಿ, ಸಂವೇದನಾಪ್ರಧಾನ’ ಎಂದು ತೊದಲುವುದಕ್ಕಿಂತ ‘ನಮ್ಮವರು ಗಬಾ’ ಎಂದರೆ ಮುಗಿಯಿತು. ಎಷ್ಟು ಹೊತ್ತಿಗೆ ಉಂಡೆನೆಂಬುದೂ ನೆನಪಿಲ್ಲದ ಡಾನ್ ಕ್ವಿಕ್ಸೋಟನಿಗೆ ಹೇಳಿ ಮಾಡಿಸಿದ ಜೋಡಿ ಊಟ, ಹಾಸಿಗೆ, ಹಿತ ಬಲ್ಲ ಅಲೆಕ್ಸಾಂಡರ್ ಡ್ಯೂಮಾ. ಔಶ್ರಾ ತಮ್ಮನ್ನು ಡಾನ್ ಕ್ವಿಕ್ಸೋಟ್ ಎಂದೇ ಎಣಿಸಿದ್ದರು. ಕೋಷ್ಟಕದ ಪ್ರಕಾರ ಝೂಕೊವ್‌ಗೂ ದಾಸ್ತೊಯೆವ್‌ಸ್ಕಿಗೂ ಹುಟ್ಟುವೈರ. ಒಬ್ಬ ನುಗ್ಗು ಅನ್ನುವಾಗ ಇನ್ನೊಬ್ಬನಿಗೆ ಆತ್ಮಸಾಕ್ಷಿ ಚುಚ್ಚುತ್ತಿರುತ್ತದೆ. ನೆಪೋಲಿಯನ್-ರೋಬೆಸ್ಪಿಯರ್ ಜೋಡಿಗೂ ಅದೇ ಗತಿ. ಚರಿತ್ರೆಗೆ ಮಾತ್ರ ಈ ಕೋಷ್ಟಕದ ಸುದ್ದಿ ತಲುಪಿರಲಿಲ್ಲ: ನಿಜವಾದ ನೆಪೋಲಿಯನ್‌ನನ್ನು ಮೇಲೆತ್ತಿದವರಲ್ಲಿ ಫ್ರೆಂಚ್ ಕ್ರಾಂತಿಯ ನಾಯಕ ರೋಬೆಸ್ಪಿಯರ್‌ನ ತಮ್ಮ ಅಗಸ್ಟಿನ್ ಒಬ್ಬ. 1794ರಲ್ಲಿ ಅಣ್ಣತಮ್ಮಂದಿರ ತಲೆ ಉರುಳಿದಾಗ ಆ ನಂಟಿನ ತಪ್ಪಿಗೇ ನೆಪೋಲಿಯನ್ ಕೆಲ ದಿನ ಬಂಧನದಲ್ಲಿದ್ದ.

ಎಲ್ಲಕ್ಕಿಂತ ಮಜಾ ಇರುವುದು ‘ಮೇಲ್ವಿಚಾರಣೆ’ ಎಂಬ ಸಂಬಂಧದಲ್ಲಿ. ಡಾನ್ ಕ್ವಿಕ್ಸೋಟ್ ಮ್ಯಾಕ್ಸಿಂ ಗಾರ್ಕಿಯನ್ನು ತಿದ್ದುತ್ತಾನೆ, ಗಾರ್ಕಿ ನೆಪೋಲಿಯನ್‌ನನ್ನು, ನೆಪೋಲಿಯನ್ ದಾಸ್ತೊಯೆವ್‌ಸ್ಕಿಯನ್ನು, ದಾಸ್ತೊಯೆವ್‌ಸ್ಕಿ ತಿರುಗಿ ಡಾನ್ ಕ್ವಿಕ್ಸೋಟನನ್ನು. ತಿದ್ದುವವನಿಗೆ ಎದುರಿನವನು ಬುದ್ಧಿವಂತನೇ, ಸ್ವಲ್ಪ ಸರಿಮಾಡಿದರೆ ಸಾಕು ಅನ್ನಿಸುತ್ತದಂತೆ. “ನೋಟ್ ಚೆನ್ನಾಗಿ ಬರೆದಿದ್ದೀರಿ, ಆದ್ರೆ ಫೈಲಿಗೆ ಟ್ಯಾಗ್ ಹಾಕೋದು ಹೀಗಾ?” ಎನ್ನುವ ಮ್ಯಾನೇಜರ್‌ಗೆ ತಾನು ಉಪಕಾರ ಮಾಡುತ್ತಿದ್ದೇನೆಂದೇ ನಂಬಿಕೆ. ಟ್ಯಾಗ್ ಬಿಚ್ಚಿ ಮತ್ತೆ ಕಟ್ಟುವ ಗುಮಾಸ್ತನ ಅಭಿಪ್ರಾಯ ಬೇರೆ. ಅಂದಹಾಗೆ ನಿಜವಾದ ದಾಸ್ತೊಯೆವ್‌ಸ್ಕಿ ‘ಈಡಿಯಟ್’ ಕಾದಂಬರಿಯ ನಾಯಕನನ್ನು ರೂಪಿಸುವಾಗ ಡಾನ್ ಕ್ವಿಕ್ಸೋಟನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ತಿದ್ದುವ ಕೆಲಸ ಅಲ್ಲಿಂದಲೇ ಶುರುವಾಗಿರಬೇಕು.

ಕನ್ನಡದ ಓದುಗನಿಗೆ ಇದೆಲ್ಲ ಹೊಸದಲ್ಲ. ಎಂಟು ಕೂಟ, 36 ಗುಣ, ದೇವ-ಮನುಷ್ಯ-ರಾಕ್ಷಸ ಗಣ ಎಂದು ನಮ್ಮ ಜೋಯಿಸರು ಕೋಷ್ಟಕ ಹಾಕಿ ಎಷ್ಟೋ ಕಾಲವಾಯಿತು. ಯೋನಿಕೂಟದಲ್ಲಿ ಹುಡುಗನದು ಹಾವು, ಹುಡುಗಿಯದು ಮುಂಗುಸಿ ಬಂದರೆ ಝೂಕೊವ್-ದಾಸ್ತೊಯೆವ್‌ಸ್ಕಿ ಜಗಳ ಏನೂ ಅಲ್ಲ.

ಇವು ಜನಕ್ಕೆ ಯಾಕೆ ಹಿಡಿಸುತ್ತವೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ‘ಇದು ನಿನ್ನ ಸ್ವಭಾವ’ ಎಂದು ಒಂದು ಚೀಟಿ ಹಂಚಿದ. ಸರಾಸರಿ ಐದಕ್ಕೆ ನಾಲ್ಕಕ್ಕಿಂತ ಹೆಚ್ಚು ಅಂಕ ಕೊಟ್ಟು ಅವರು ಭೇಷ್ ಎಂದರು. ಎಲ್ಲರ ಚೀಟಿಯಲ್ಲೂ ಒಂದೇ ಬರಹ, ಬಹುಪಾಲು ಪತ್ರಿಕೆ ಅಂಗಡಿಯ ಜ್ಯೋತಿಷ್ಯ ಹೊತ್ತಗೆಯಿಂದ ಎತ್ತಿದ್ದು. ಎಂಬಿಟಿಐ ಮೇಲೂ ಮನಶ್ಶಾಸ್ತ್ರಜ್ಞರ ತಕರಾರು ಕಡಿಮೆಯಿಲ್ಲ: ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಕೂತವರಲ್ಲಿ ಅನೇಕರಿಗೆ ಬೇರೆಯೇ ಅಕ್ಷರಗಳು ಬರುತ್ತವೆ.

ಈ ತಕರಾರನ್ನೇ ಅನುಕೂಲವಾಗಿಸಿಕೊಳ್ಳಲು ತಕ್ಕ ಜಾಗವಿದ್ದರೆ ಅದು ದಕ್ಷಿಣ ಕೊರಿಯಾ. ಅಲ್ಲಿನ ಹುಡುಗ-ಹುಡುಗಿಯರು ಹಿಂದೆ ಮೊದಲ ಭೇಟಿಯಲ್ಲಿ ರಕ್ತದ ಗುಂಪು ಕೇಳುತ್ತಿದ್ದರು. ಈಗ ಕೇಳುವುದು ನಾಲ್ಕಕ್ಷರ. ಬಿ ಗುಂಪಿನ ರಕ್ತದವನು ಏನು ಮಾಡಿದರೂ ಎ ಆಗಲಾರ. ನಾಲ್ಕಕ್ಷರವಾದರೆ, ಮೆಚ್ಚಿದ ಹುಡುಗಿಯದಕ್ಕೆ ಹೊಂದುವುದು ಬರುವ ತನಕ ರಾತ್ರಿಯಿಡೀ ಮೊಬೈಲಿನಲ್ಲಿ ಪರೀಕ್ಷೆ ಬರೆಯುತ್ತಲೇ ಇರಬಹುದು. ಆ ಸೌಲಭ್ಯ ನಮ್ಮಲ್ಲೂ ಇದೆ, ಆದರೆ ಪ್ರತಿ ಸಲವೂ ಬೇರೆ ಜೋಯಿಸರನ್ನು ಹುಡುಕಬೇಕು, ದಕ್ಷಿಣೆ ಬೇರೆ.