ಶುಷ್ಕವದನ ಮೀಮಾಂಸೆ ಅಥವಾ ಜೊಲ್ಲಿನ ಅಭಾವ ಪ್ರಕರಣ

ಜೊಲ್ಲಿನ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಒಂದೇ ದ್ರವ ಮಗುವಿನ ಗಲ್ಲದ ಮೇಲಿದ್ದರೆ ಜೊಲ್ಲು, ತಟ್ಟೆಯ ಅಂಚಿಗೆ ತಾಗಿದರೆ ಎಂಜಲು, ಬಸ್ ನಿಲ್ದಾಣದ ಗೋಡೆಯ ಮೇಲೆ ಉಗುಳು, ಪಠ್ಯಪುಸ್ತಕದಲ್ಲಿ ಲಾಲಾರಸ. ಹೋಳಿಗೆ ಕಂಡಾಗ ಮಾತ್ರ ಅದಕ್ಕೆ ನೀರು ಎಂಬ ಬಡ್ತಿ. ಬಾಯಿ ಆರಿದ್ದಕ್ಕೆ ಬಾಯಾರಿಕೆ ಎಂದು ಹಿರಿಯರು ಹೆಸರಿಟ್ಟರು, ಸರಿ. ಆದರೆ ಒಂದು ಚೊಂಬು ನೀರು ಕುಡಿದ ಮೇಲೂ ಬಾಯಿ ಆರಿಯೇ ಇದ್ದರೆ ಅದನ್ನು ಏನೆನ್ನಬೇಕು? ಈ ಕೊರತೆ ತುಂಬಲು ಪ್ರಸ್ತುತ ಲೇಖಕ ಎರಡು ತಿಂಗಳು ತನ್ನ ಬಾಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ಇಷ್ಟಪಟ್ಟು ಅಲ್ಲ.

ಮೊದಲು ಲಕ್ಷಣ. ರಾತ್ರಿ ಎರಡೂವರೆಗೆ ಎಚ್ಚರವಾದರೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಬಿಡಿಸಿದರೆ ಗೋಂದು ಹಚ್ಚಿದ ಲಕೋಟೆ ಬಿಚ್ಚಿದ ಸದ್ದು. ಬೆಳಗ್ಗೆ ಚಹಾ ಇಲ್ಲದೆ ಕಚ್ಚಿದ ರಸ್ಕು ಹಿಟ್ಟಾಯಿತೇ ಹೊರತು ತುತ್ತಾಗಲಿಲ್ಲ. ಚಟ್ನಿಪುಡಿ ನಾಲಿಗೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು, ಖಾರವೂ ಇಲ್ಲ, ಹುಳಿಯೂ ಇಲ್ಲ. ಕರಗದೆ ರುಚಿಯಿಲ್ಲ ಎಂಬ ತತ್ತ್ವ ಲೇಖಕನಿಗೆ ಹೊಳೆದದ್ದು ಆಗ.

ಇನ್ನು ಪೂರ್ವಪಕ್ಷಗಳು. ಮನೆಯಾಕೆಯದು ಗೊರಕೆವಾದ: "ರೀ, ರಾತ್ರಿಯೆಲ್ಲಾ ಬಾಯಿ ತೆಗೆದುಕೊಂಡು ಗೊರಕೆ ಹೊಡೆದರೆ ಒಣಗದೆ ಇನ್ನೇನಾಗತ್ತೆ?" ವಾದದಲ್ಲಿ ಹುರುಳಿದೆ. ನಿದ್ದೆಯಲ್ಲಿ ಜೊಲ್ಲು ಒಸರುವುದೇ ತೀರಾ ಕಡಿಮೆ. ಬಾಯಲ್ಲಿ ಉಸಿರಾಡಿದರೆ ಇದ್ದದ್ದೂ ಹೋಯಿತು. ಆದರೆ ಹಗಲು ಹನ್ನೊಂದಕ್ಕೆ ಬ್ಯಾಂಕಿನ ಸರದಿಯಲ್ಲಿ ಬಾಯಿ ಮುಚ್ಚಿ ನಿಂತಾಗಲೂ ಒಣಗುವುದೇಕೆ? ಇದಕ್ಕೆ ಗೊರಕೆವಾದಿಗಳಲ್ಲಿ ಉತ್ತರವಿಲ್ಲ.

ದೊಡ್ಡಮ್ಮನದು ಉಷ್ಣವಾದ. "ಎಲ್ಲಾ ಹೀಟು ಕಣೋ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ." ಕೂದಲು ಉದುರುವುದರಿಂದ ಹಿಡಿದು ಅಳಿಯನ ಮುಂಗೋಪದವರೆಗೆ ಈ ವಾದಕ್ಕೆ ಸಿಗದ ರೋಗವಿಲ್ಲ, ಅದೇ ಅದರ ಬಲ, ಅದೇ ದೋಷ. ಎದುರುಮನೆಯ ನಿವೃತ್ತ ಮೇಷ್ಟ್ರು ದನಿ ತಗ್ಗಿಸಿ, "ಶುಗರ್ ನೋಡಿಸಿದಿರಾ?" ಎಂದರು. ಇದನ್ನು ಮಾತ್ರ ಲೇಖಕ ನಗದೆ ಕೇಳಿಸಿಕೊಂಡ. ಸಕ್ಕರೆ ಹತೋಟಿ ತಪ್ಪಿದರೆ ಮೈಯ ನೀರು ಮೂತ್ರದ ದಾರಿ ಹಿಡಿದು ಬಾಯಿ ಬತ್ತುವುದುಂಟು. ರಿಪೋರ್ಟು ನಾರ್ಮಲ್ ಬಂತು. ಮೇಷ್ಟ್ರ ಮುಖದಲ್ಲಿ ಕಂಡದ್ದು ಸಂತೋಷ ಎಂದು ಖಚಿತವಾಗಿ ಹೇಳಲಾರೆ.

ಸಿದ್ಧಾಂತ ಹೊರಬಿದ್ದದ್ದು ವೈದ್ಯರ ಒಂದು ಪ್ರಶ್ನೆಯಿಂದ: "ಏನೇನು ಮಾತ್ರೆ ತಗೋತಿದ್ದೀರಿ?" ಸೀನಿಗೆ ಸೆಟಿರಿಜಿನ್, ಕುತ್ತಿಗೆಯ ನರನೋವಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್. ಎರಡು ತಿಂಗಳು ಮೂರು ದರ್ಶನಗಳು ಕಾದಾಡಿದ್ದವು. ದಿಂಬಿನ ಪಕ್ಕದ ಮಾತ್ರೆಯ ಹಾಳೆಯನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಇರುವ ಮೂರು ಜೊತೆ ಗ್ರಂಥಿಗಳು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ರಸ ಬಿಡುತ್ತವೆ. ಬಿಡು ಎಂಬ ಅಪ್ಪಣೆ ತರುವ ಓಲೆಕಾರ ಅಸಿಟೈಲ್‌ಕೋಲಿನ್. ಅಮಿಟ್ರಿಪ್ಟಿಲಿನ್ ಹೋಗಿ ಅವನ ಕುರ್ಚಿಯಲ್ಲಿ ಕೂತುಬಿಡುತ್ತದೆ. ಓಲೆಕಾರ ಬಾಗಿಲಲ್ಲೇ ನಿಲ್ಲುತ್ತಾನೆ, ಗ್ರಂಥಿಗೆ ಓಲೆ ಮುಟ್ಟುವುದಿಲ್ಲ. ಖಿನ್ನತೆಯ, ಅಲರ್ಜಿಯ, ರಕ್ತದೊತ್ತಡದ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುವ ಕುಲದವು. ಹಾಗೆಂದು ಅವನ್ನು ತಾನೇ ನಿಲ್ಲಿಸುವುದು ಪಾಂಡಿತ್ಯವಲ್ಲ. ಪ್ರಮಾಣ ಇಳಿಸುವುದು, ಬದಲಿಸುವುದು ವೈದ್ಯರ ಕೆಲಸ. ಬಾಯಿಯ ಜೊತೆಗೆ ಕಣ್ಣೂ ಮರಳು ಬಿದ್ದಂತೆ ಒಣಗಿದರೆ ಅದು ಬೇರೆಯೇ ಅಧ್ಯಾಯ. 1933ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಆ ಬೇನೆಯ ಮೇಲೆ ಪ್ರಬಂಧವನ್ನೇ ಬರೆದ. ಅಣಕು ಪ್ರಬಂಧವಲ್ಲ.

ಪರಿಹಾರಗಳು ಬಡವಾಗಿವೆ. ಗುಟುಕು ಗುಟುಕಾಗಿ ನೀರು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್, ಫ್ಲೋರೈಡ್ ಪೇಸ್ಟು. ಆಲ್ಕೋಹಾಲ್ ಇರುವ ಮೌತ್‌ವಾಶ್ ಇನ್ನಷ್ಟು ಒಣಗಿಸುತ್ತದೆ. ಪೆಪ್ಪರ್‌ಮೆಂಟು ಚೀಪುವುದು ಆತ್ಮಘಾತ: ಹಲ್ಲು ತೊಳೆಯುವ ಜವಾನ ರಜೆಯಲ್ಲಿರುವಾಗ ಸಕ್ಕರೆ ಹಲ್ಲಿನ ಸಂದಿಯಲ್ಲೇ ಬಿಡಾರ ಹೂಡುತ್ತದೆ. ಔಷಧಿ ಅಂಗಡಿಯಲ್ಲಿ ಕೃತಕ ಜೊಲ್ಲು ಬಾಟಲಿಯಲ್ಲಿ ಸಿಗುತ್ತದೆ. 'ಇಲ್ಲಿ ಉಗುಳಬೇಡಿ' ಎಂಬ ಫಲಕದ ಕೆಳಗೇ ಅಸಲಿ ಮಾಲನ್ನು ಧಾರಾಳವಾಗಿ ಸುರಿಯುವ ನಾಡಿನಲ್ಲಿ ನಕಲಿಗೆ ದುಡ್ಡು ಕೊಟ್ಟು ಬರುವಾಗ ಲೇಖಕನಿಗಾದ ಸಂಕಟ ಅವನಿಗೇ ಗೊತ್ತು.

ಕಡೆಯದಾಗಿ ವ್ಯವಹಾರಕಾಂಡ. ಧರ್ಮಶಾಸ್ತ್ರದಲ್ಲಿ ತಂಡುಲ ದಿವ್ಯ ಎಂಬ ಪರೀಕ್ಷೆಯಿದೆ. ಕಳವಿನ ಆರೋಪ ಹೊತ್ತವನು ಅಕ್ಕಿ ಅಗಿದು ಉಗುಳಬೇಕು. ನೆತ್ತರು ಕಂಡರೆ, ಮೈ ನಡುಗಿದರೆ ಅವನೇ ಕಳ್ಳ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾದಲ್ಲೂ ಇದರ ವಿಧಿ ಬರುತ್ತದೆ. ತರ್ಕ ಗಟ್ಟಿಯಾಗಿಯೇ ಇದೆ: ಹೆದರಿದವನ ಬಾಯಲ್ಲಿ ಪಸೆ ಆರುತ್ತದೆ, ಪಸೆ ಆರಿದ ಬಾಯನ್ನು ಅಕ್ಕಿ ಗೀರುತ್ತದೆ. ಮಾತ್ರೆ ನುಂಗಿದ ನಿರಪರಾಧಿಯ ಗತಿಯೇನು?

ಕಳೆದ ಭಾನುವಾರ ಡಬ್ಬಿಯ ಹನ್ನೊಂದು ಕೊಬ್ಬರಿ ಮಿಠಾಯಿಯಲ್ಲಿ ಏಳು ಕಾಣೆಯಾದವು. ದೊಡ್ಡಮ್ಮ ಲೇಖಕನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, "ಎಲ್ಲಿ, ಬಾಯಿ ತೆಗಿ" ಎಂದರು. ನಾಲಿಗೆ ಅಂಟಿಕೊಂಡಿತ್ತು. "ನೋಡಿದ್ಯಾ, ಹೆದರಿ ಪಸೆ ಆರಿದೆ!" ಅಮಿಟ್ರಿಪ್ಟಿಲಿನ್ ಎಂದೆ, ಅಸಿಟೈಲ್‌ಕೋಲಿನ್ ಎಂದೆ, ಮಾತ್ರೆಯ ಹಾಳೆ ತಂದು ತೋರಿಸಿದೆ. ವಾದ ಗೆಲ್ಲುವುದರಲ್ಲಿತ್ತು. ಅಷ್ಟರಲ್ಲಿ ಮನೆಯಾಕೆ ಕನ್ನಡಕ ಸರಿಮಾಡಿಕೊಂಡು, ದವಡೆ ಹಲ್ಲಿನ ಸಂದಿಯಲ್ಲಿ ಬಿಳಿಯದೇನೋ ಇದೆ ಎಂದಳು. ಬಾಯಲ್ಲಿ ಜೊಲ್ಲಿದ್ದಿದ್ದರೆ ಅದು ಆಗಲೇ ತೊಳೆದು ಹೋಗಿರುತ್ತಿತ್ತು.