ಯಾವುದಕ್ಕೂ ಇರಲಿ

ನಮ್ಮ ಬಡಾವಣೆಯಲ್ಲಿ ಯಾರಿಗಾದರೂ ತಾಲ್ಲೂಕು ಕಚೇರಿಯ ಕೆಲಸ ಬಿತ್ತೆಂದರೆ ಅವರು ಮೊದಲು ಹೋಗುವುದು ಕಚೇರಿಗಲ್ಲ, ರಾಯರ ಮನೆಗೆ. ಯಾವ ರಾಯರು ಎಂದು ಕೇಳಬೇಡಿ. ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಅಲ್ಲಿ ಅವರು ಗೌಡರೋ, ಶೆಟ್ಟರೋ, ಪಾಟೀಲರೋ, ಡಿಸೋಜರೋ ಆಗಿರಬಹುದು. ಗುರುತು ಹಿಡಿಯುವುದು ಸುಲಭ. ಕಂಕುಳಲ್ಲಿ ಯಾವುದೋ ವಿಚಾರ ಸಂಕಿರಣದಲ್ಲಿ ಪುಕ್ಕಟೆ ಸಿಕ್ಕ ರೆಕ್ಸಿನ್ ಬ್ಯಾಗು, ಅಂಗಿ ಜೇಬಿನಲ್ಲಿ ನೀಲಿ ಒಂದು, ಕಪ್ಪು ಒಂದು ಎರಡು ಪೆನ್ನು, ಬಾಯಲ್ಲಿ ಒಂದೇ ಮಂತ್ರ: “ಯಾವುದಕ್ಕೂ ಇರಲಿ.”

ಆ ಬ್ಯಾಗಿನೊಳಗೆ ಏನಿಲ್ಲ! ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದೆ. ಅಂಕ ತೋರಿಸುವುದಕ್ಕಲ್ಲ (ಗಣಿತದ ಸಾಲು ಬಂದಲ್ಲಿ ಅವರ ಹೆಬ್ಬೆರಳು ತಾನಾಗಿ ಅಡ್ಡ ಬರುತ್ತದೆ), ಹುಟ್ಟಿದ ದಿನಾಂಕಕ್ಕೆ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದ ಅಜ್ಜ, ಮೇಷ್ಟ್ರು ಕೇಳಿದಾಗ ಬಾಯಿಗೆ ಬಂದಂತೆ ಹೇಳಿದ ದಿನಾಂಕ ಅದು. ರಾಯರ ತಾಯಿ ಇರುವಷ್ಟು ಕಾಲ, ‘ನೀನು ಹುಟ್ಟಿದ್ದು ಶ್ರಾವಣದಲ್ಲಿ, ಮೂರು ದಿನ ಬಿಡದೆ ಮಳೆ’ ಎಂದೇ ವಾದಿಸುತ್ತಿದ್ದರು. ಆದರೆ ಮಳೆಗೆ ಸೀಲಿಲ್ಲ. ಹಾಗಾಗಿ ರಾಯರು ಸರ್ಕಾರದ ಪ್ರಕಾರ ಜೂನ್ ಒಂದರಂದೇ ಹುಟ್ಟಿದರು.

ಅದರ ಹಿಂದಿನ ಖಾನೆಯಲ್ಲಿ ಫೋಟೋಗಳು: ಪಾಸ್‌ಪೋರ್ಟ್ ಅಳತೆಯವು, ಸ್ಟಾಂಪ್ ಅಳತೆಯವು, ಬಿಳಿ ಹಿನ್ನೆಲೆಯವು, ನೀಲಿ ಹಿನ್ನೆಲೆಯವು, ಕನ್ನಡಕ ಹಾಕಿಕೊಂಡವು, ತೆಗೆದವು. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು, ಗೋಂದು, ಸ್ಟೇಪ್ಲರು, ಇಂಕ್ ಪ್ಯಾಡು, ಫೈಲಿಗೆ ಹಾಕುವ ಟ್ಯಾಗು. ಈ ತಿಂಗಳ ಕರೆಂಟ್ ಬಿಲ್ಲು, ಹೋದ ತಿಂಗಳದ್ದು, ಮನೆ ಕಂದಾಯ ಕಟ್ಟಿದ ರಸೀದಿಗಳ ಕಟ್ಟು, ಸೀಮೆಎಣ್ಣೆ ಕೊಡುತ್ತಿದ್ದ ಕಾಲದ ರೇಷನ್ ಕಾರ್ಡು. ಎಲ್ಲದರದ್ದೂ ಜೆರಾಕ್ಸು, ಜೆರಾಕ್ಸಿನದ್ದೂ ಜೆರಾಕ್ಸು. ಬಸ್ಸಿನಲ್ಲಿ ಸೀಟು ಸಿಕ್ಕರೂ ರಾಯರು ಬ್ಯಾಗನ್ನು ಮೇಲಿಡುವುದಿಲ್ಲ. ಮದುವೆಮನೆಯಲ್ಲಿ ಒಡವೆ ಪೆಟ್ಟಿಗೆ ಕಾಯುವ ಸೋದರತ್ತೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಊರಿ ಕೂರುತ್ತಾರೆ.

ಇಷ್ಟೊಂದು ಕಾಗದ ಯಾಕೆ ಎಂದರೆ ಅದಕ್ಕೆ ರಾಯರ ಹೆಸರಿನದ್ದೇ ಒಂದು ಪುರಾಣವಿದೆ. ಕನ್ನಡದಲ್ಲಿ ಅವರು ಒಬ್ಬರೇ ಶ್ರೀನಿವಾಸರಾವ್. ಇಂಗ್ಲಿಷಿಗೆ ಕಾಲಿಟ್ಟ ಕೂಡಲೇ ಮನೆ ಪಾಲಾಯಿತು. ಆಧಾರ್ ಕಾರ್ಡಿನಲ್ಲಿ ‘ಶ್ರೀ’ಗೆ ಎಚ್ ಇದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಲ್ಲ, ಅಂಕಪಟ್ಟಿಯಲ್ಲಿ ಡಬಲ್ ಇ ಇದೆ. ಪ್ಯಾನ್ ಕಾರ್ಡಿನದು ಇನ್ನೊಂದು ಕತೆ. ಅಲ್ಲಿ ಇನಿಶಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ರಾಯರ ಇನಿಶಿಯಲ್ಲಿನ ಮೊದಲ ಅಕ್ಷರ ಊರಿನದು. ಹೀಗಾಗಿ ಹೊಳೆನರಸೀಪುರ ಎಂಬ ಇಡೀ ಊರು ರಾಯರ ಮನೆತನದ ಹೆಸರಾಗಿ ಪ್ಯಾನ್ ಕಾರ್ಡಿನಲ್ಲಿ ಕುಳಿತಿದೆ. ಕ್ರೆಡಿಟ್ ಕಾರ್ಡ್ ಬೇಕೇ ಎಂದು ಫೋನ್ ಮಾಡುವ ಹುಡುಗಿ ‘ಮಿಸ್ಟರ್ ಹೊಳೆನರಸೀಪುರ್ ಮಾತಾಡ್ತಿರೋದಾ?’ ಎಂದು ಕೇಳಿದರೆ, ಹೇಮಾವತಿಯ ದಡದಲ್ಲಿರುವ ಅಷ್ಟೂ ಜನ ಎದ್ದು ‘ಹೌದು’ ಅನ್ನಬೇಕು.

ಇದಕ್ಕೆ ರಾಯರು ಕಂಡುಕೊಂಡ ಪರಿಹಾರ ಅಫಿಡವಿಟ್ಟು. ‘ಮೇಲ್ಕಂಡ ನಾಲ್ಕೂ ಹೆಸರಿನ ವ್ಯಕ್ತಿ ನಾನೊಬ್ಬನೇ ಆಗಿರುತ್ತೇನೆ’ ಎಂದು ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಮುಂದೆ ಪ್ರಮಾಣ ಮಾಡಿದ್ದಾರೆ. ಅದ್ವೈತವನ್ನು ಒಪ್ಪಿಸಲು ಶಂಕರಾಚಾರ್ಯರು ದೇಶವೆಲ್ಲ ಅಲೆಯಬೇಕಾಯಿತು. ರಾಯರಿಗೆ ಕೋರ್ಟಿನ ಎದುರಿನ ಹೊಂಗೆಮರದ ನೆರಳು ಸಾಕಾಯಿತು.

ಸರ್ಕಾರ ಈ ಹೊರೆಯನ್ನು ಇಳಿಸಲು ನೋಡಲೇ ಇಲ್ಲವೇ? ನೋಡಿದೆ. ನಮ್ಮವರೇ ಆದ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗ 2009ರಲ್ಲಿ ಕೊಟ್ಟ ತನ್ನ 12ನೆಯ ವರದಿಯಲ್ಲಿ ಜನರ ಮಾತನ್ನೇ ನಂಬಿ, ಸ್ವಯಂ ದೃಢೀಕರಣ ಜಾರಿಗೆ ತನ್ನಿ ಎಂದಿತ್ತು. 2014ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೂ ರಾಜ್ಯಗಳಿಗೂ ಅದನ್ನೇ ಒತ್ತಿ ಹೇಳಿತು: ಅರ್ಜಿದಾರ ತಾನೇ ಸಹಿ ಹಾಕಿದ ನಕಲು ಸಾಕು, ಮೂಲಪ್ರತಿಯನ್ನು ಕೊನೆಯ ಹಂತದಲ್ಲಿ ನೋಡಿಕೊಳ್ಳಿ, ಕಾನೂನು ಕೇಳದ ಕಡೆ ಅಫಿಡವಿಟ್ ಕೇಳಬೇಡಿ.

ಈ ಸುದ್ದಿ ಓದಿದ ದಿನ ರಾಯರ ಮುಖ ನೋಡಬೇಕಿತ್ತು. ಯಾವ ಬೀದಿಯಲ್ಲಿ ಯಾವ ಪತ್ರಾಂಕಿತ ಅಧಿಕಾರಿ ಇದ್ದಾರೆ, ಯಾರು ಬೆಳಗಿನ ವಾಕಿಂಗಿಗೆ ಮೊದಲು ಸಹಿ ಹಾಕುತ್ತಾರೆ, ಯಾರ ಹಸಿರು ಶಾಯಿ ಮುಗಿದಿದೆ ಎಂಬುದನ್ನೆಲ್ಲ ಅವರು ವರ್ಷಗಟ್ಟಲೆ ಕಲಿತಿದ್ದರು. ಒಂದೇ ಆದೇಶದಲ್ಲಿ ಅಷ್ಟೂ ವಿದ್ಯೆ ಮಣ್ಣುಪಾಲು. “ನನ್ನ ಕಾಗದ ಸರಿ ಇದೆ ಅಂತ ನಾನೇ ಹೇಳೋದು ಎಂಥ ಚೆಂದ ಕಣಯ್ಯಾ? ಕಳ್ಳನೂ ತಾನು ಕಳ್ಳ ಅಲ್ಲ ಅಂತಲೇ ಸಹಿ ಹಾಕ್ತಾನೆ” ಎಂದು ನನ್ನ ಮೇಲೆ ಹರಿಹಾಯ್ದರು. ಈಗಲೂ ಅವರು ನಕಲಿನ ಕೆಳಗೆ ತಾವು ಸಹಿ ಹಾಕಿ, ಆಮೇಲೆ ಪಕ್ಕದ ರಸ್ತೆಯ ಪ್ರಿನ್ಸಿಪಾಲರ ಹತ್ತಿರ ಹೋಗಿ ಮಗ್ಗುಲಲ್ಲೇ ಅವರದ್ದೂ ಹಾಕಿಸುತ್ತಾರೆ. ಸ್ವಯಂ ದೃಢೀಕರಣಕ್ಕೇ ಒಂದು ದೃಢೀಕರಣ. ಯಾವುದಕ್ಕೂ ಇರಲಿ.

ರಾಯರನ್ನು ನೋಡಿ ನಗುವುದು ಸುಲಭ, ನಾವೂ ಸಾಕಷ್ಟು ನಕ್ಕಿದ್ದೇವೆ. ಆದರೆ ಅವರು ಸುಮ್ಮನೆ ಹೆದರಿದವರಲ್ಲ, ಒಳಗಿನಿಂದ ಬಂದವರು. ನಿವೃತ್ತರಾಗುವವರೆಗೆ ಮೇಜಿನ ಆ ಕಡೆ ಕೂತು, ‘ಇದರ ಜೊತೆ ಇನ್ನೊಂದು ಪ್ರತಿ ತನ್ನಿ’ ಎಂದು ಜನರನ್ನು ವಾಪಸು ಕಳಿಸಿದವರೇ. ಯಾಕೆ ಹಾಗೆ ಮಾಡುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ. ಕಾಫಿ ಲೋಟ ಕೆಳಗಿಟ್ಟರು. “ಒಂದು ಕಾಗದ ಜಾಸ್ತಿ ಕೇಳಿದ ಅಂತ ಯಾವನಾದರೂ ಸಸ್ಪೆಂಡ್ ಆಗಿದ್ದು ಕೇಳಿದ್ದೀಯಾ? ಕಮ್ಮಿ ಕೇಳಿದ್ದಕ್ಕೆ ಆಗಿದ್ದಾರೆ. ಆಡಿಟ್‌ನವನು ಬಂದು ಇದೆಲ್ಲಿ ಅಂದರೆ ನಾನು ಎಲ್ಲಿಂದ ತರಲಿ? ಅರ್ಜಿದಾರ ಅಷ್ಟು ಹೊತ್ತಿಗೆ ಮುಂಬೈಯಲ್ಲಿ ಇರ್ತಾನೆ, ನಾನು ಅದೇ ಕುರ್ಚಿಯಲ್ಲಿ ಇರ್ತೀನಿ.”

ಆಡಳಿತ ಸುಧಾರಣೆಯ ಬಗ್ಗೆ ಬಂದ ದಪ್ಪ ವರದಿಗಳಿಗಿಂತ ಈ ಮಾತು ನನಗೆ ಹೆಚ್ಚು ತಿಳಿವಳಿಕೆ ಕೊಟ್ಟಿತು. ಕೌಂಟರಿನ ಆಚೆ ಕೂತವನದ್ದೂ ‘ಯಾವುದಕ್ಕೂ ಇರಲಿ’ಯೇ. ಆಚೆಯವನ ಭಯಕ್ಕೆ ಈಚೆಯವನು ಜೆರಾಕ್ಸ್ ಮಾಡಿಸುತ್ತಾನೆ, ಅಷ್ಟೆ.

ನಮ್ಮ ರಾಜ್ಯದ ಸಕಾಲ ಕಾಯ್ದೆಯನ್ನೇ ನೋಡಿ. 2011ರ ಕಾನೂನು, 2012ರ ಏಪ್ರಿಲ್ 2ರಿಂದ ಜಾರಿ. ಯಾವ ಕೆಲಸ ಎಷ್ಟು ದಿನದಲ್ಲಿ ಆಗಬೇಕು ಎಂದು ಗಡುವು, ಅರ್ಜಿಗೆ 15 ಅಂಕಿಯ ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ, ಅದೂ ತಪ್ಪಿತಸ್ಥ ನೌಕರನ ಸಂಬಳದಿಂದ. ಒಳ್ಳೆಯ ಕಾನೂನು; ಅದು ಬಂದ ಮೇಲೆ ‘ನಾಳೆ ಬನ್ನಿ’ ಎಂಬ ಮಾತಿಗೆ ಮೊದಲಿನ ಧೈರ್ಯ ಉಳಿದಿಲ್ಲ. ರಾಯರೂ ಅದನ್ನು ಮೆಚ್ಚುತ್ತಾರೆ. ಆದರೆ ಮೆಚ್ಚುತ್ತಲೇ ಕಣ್ಣು ಮಿಟುಕಿಸುತ್ತಾರೆ. ಗಡುವಿನ ಕೊನೆಯ ದಿನ ಮಧ್ಯಾಹ್ನ ‘ಅಗತ್ಯ ದಾಖಲೆ ಲಗತ್ತಿಸಿಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ಹಿಂಬರಹ ಕೊಟ್ಟರೆ ಗಡಿಯಾರವೂ ನಿಂತಿತು, 20 ರೂಪಾಯಿಯೂ ಉಳಿಯಿತು. ಆ ಹಿಂಬರಹ ಬರೆಯಲು ಒಂದೇ ಒಂದು ಇಲ್ಲದ ಕಾಗದ ಸಾಕು. “ಅದಕ್ಕೇ ಅವನಿಗೆ ಆ ಅವಕಾಶ ಕೊಡಬಾರದು. ಅವನು ಕೇಳೋ ಮೊದಲೇ ಹೂಳಿಬಿಡಬೇಕು” ಎಂದು ಬ್ಯಾಗು ತಟ್ಟುತ್ತಾರೆ.

ನವೆಂಬರ್ ಬಂತೆಂದರೆ ರಾಯರಿಗೆ ರಾಜ್ಯೋತ್ಸವದ ಬೆನ್ನಿಗೇ ಜೀವೋತ್ಸವ. ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸಬೇಕಾದ ತಿಂಗಳು. 2014ರಿಂದ ‘ಜೀವನ್ ಪ್ರಮಾಣ್’ ಬಂದು ಅದು ಬೆರಳೊತ್ತಿ ಮುಗಿಸುವ ಕೆಲಸವಾಯಿತು. ಆದರೆ ರಾಯರ ಬೆರಳು ಒತ್ತಿದರೆ ಯಂತ್ರಕ್ಕೆ ಏನೂ ಕಾಣುವುದಿಲ್ಲ. ಸರ್ವಿಸಿನುದ್ದಕ್ಕೂ ಫೈಲಿನ ಹಾಳೆ ತಿರುವಿ ತಿರುವಿ ಗೆರೆಯೆಲ್ಲ ಸವೆದಿದೆ ಎನ್ನುತ್ತಾರೆ. ಆಮೇಲೆ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ ಎಂದಾಯಿತು. ಮೊಮ್ಮಗಳು ಫೋನು ಹಿಡಿದು ‘ತಾತಾ, ಕಣ್ಣು ಮಿಟುಕಿಸು’ ಎಂದಳು, ಮಿಟುಕಿಸಿದರು, ಪ್ರಮಾಣಪತ್ರ ಬಂತು. ಕೂತಲ್ಲೇ ಬದುಕಿದ್ದು ಸಾಬೀತಾಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅದರ ಪ್ರಿಂಟು ಹಿಡಿದು ರಾಯರು ಬ್ಯಾಂಕಿನಲ್ಲಿ ಹಾಜರು. “ಫೋನಿಗೆ ಗೊತ್ತಾದರೆ ಸಾಕೇನಯ್ಯಾ? ಮ್ಯಾನೇಜರಿಗೂ ಗೊತ್ತಾಗಬೇಡವೇ?”

ಮಗ ಬೆಂಗಳೂರಿನಿಂದ ಬಂದಾಗ ಡಿಜಿಲಾಕರ್ ಹಾಕಿಕೊಟ್ಟ. 2015ರಲ್ಲಿ ಶುರುವಾದ ಈ ಲಾಕರಿಗೆ ಇಲಾಖೆಗಳೇ ನೀಡಿದ ದಾಖಲೆಗೆ ಮೂಲಪ್ರತಿಯಷ್ಟೇ ಬೆಲೆ ಎಂದು 2017ರಲ್ಲಿ ನಿಯಮವೂ ಬಂದಿದೆ ಎಂದು ವಿವರಿಸಿದ. ರಾಯರು ಸಂತೋಷಪಟ್ಟು ಅದರಲ್ಲಿದ್ದದ್ದನ್ನೆಲ್ಲ ಬಣ್ಣದ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದರು. ಒಂದು ಕೌಂಟರಿನಲ್ಲಿ ಆದ ಸಂಭಾಷಣೆಯನ್ನು ಅವರೇ ಹೇಳಬೇಕು:

“ಇದು ಒರಿಜಿನಲ್ಲಾ?”

“ಒರಿಜಿನಲ್ ಮೊಬೈಲಲ್ಲಿದೆ.”

“ಮೊಬೈಲನ್ನ ಫೈಲಿಗೆ ಹಾಕಕ್ಕಾಗಲ್ಲ ಸಾರ್. ಜೆರಾಕ್ಸ್ ಕೊಡಿ.”

ಲ್ಯಾಮಿನೇಷನ್ ಮಾಡಿಸಿದ್ದರ ಜೆರಾಕ್ಸ್ ತೆಗೆದರೆ ಮಧ್ಯೆ ಲೈಟಿನ ಹೊಳಪು ಬಿದ್ದು ರಾಯರ ಮುಖದ ಜಾಗದಲ್ಲಿ ಹುಣ್ಣಿಮೆ ಚಂದ್ರ. ಅದಕ್ಕೂ ಅವರ ಹತ್ತಿರ ಲ್ಯಾಮಿನೇಷನ್ ಮಾಡಿಸದ ಇನ್ನೊಂದು ಸೆಟ್ ಇತ್ತು.

2023ರಲ್ಲಿ ಗ್ಯಾರಂಟಿಗಳು ಬಂದಾಗ ರಾಯರ ಜಗಲಿ ಇಲಾಖೆಯ ಶಾಖೆಯೇ ಆಯಿತು. ಗೃಹಜ್ಯೋತಿಗೆ ಸ್ವಂತ ಮನೆಯವರಿಗೆ ಬೇಕಾಗಿದ್ದದ್ದು ಆಧಾರ್, ಕರೆಂಟ್ ಬಿಲ್ಲಿನ ಮೇಲಿನ ಖಾತೆ ಸಂಖ್ಯೆ, ಒಂದು ಮೊಬೈಲು. ರಾಯರು ಬಂದವರಿಂದ ಎರಡು ಫೋಟೋ, ಕಂದಾಯದ ರಸೀದಿ, ರೇಷನ್ ಕಾರ್ಡ್ ತರಿಸಿ, ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟುಕೊಂಡು, ಅದರಲ್ಲಿ ಯಾವುದನ್ನೂ ಬಳಸದೆ ಅರ್ಜಿ ಹಾಕಿಕೊಟ್ಟರು. ಜನಕ್ಕೂ ಸಮಾಧಾನವಾಯಿತು. ಏನೂ ಕೇಳದೆ ಕೆಲಸ ಆಗಿಬಿಟ್ಟರೆ ನಮ್ಮವರಿಗೆ ಅದು ಆಗಿದೆಯೋ ಇಲ್ಲವೋ ಎಂದೇ ಅನುಮಾನ.

ಕ್ಯೂನಲ್ಲಿ ರಾಯರ ಬೆಲೆ ತಿಳಿಯುತ್ತದೆ. ಕೊನೆಯ ದಿನ, ಕೊನೆಯ ಗಂಟೆ, ಫೋಟೋ ಅಂಟಿಸಿಲ್ಲ ಎಂದು ಒಳಗಿನಿಂದ ಅರ್ಜಿ ಹೊರಗೆ ಬರುತ್ತದೆ. ಗೋಂದು ರಾಯರ ಹತ್ತಿರ. ಹೆಬ್ಬೆಟ್ಟು ಒತ್ತಬೇಕು ಅನ್ನುತ್ತಾರೆ. ಇಂಕ್ ಪ್ಯಾಡು ರಾಯರ ಹತ್ತಿರ. ಸಾಕ್ಷಿಯ ಸಹಿ ಬೇಕು, ರಾಯರೇ ಹಾಜರು. ಸ್ಟೇಪ್ಲರಂತೂ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ, ಒಮ್ಮೊಮ್ಮೆ ಕೌಂಟರಿನ ಒಳಗೂ ಹೋಗಿ ಬರುತ್ತದೆ. ಒಳಗಿದ್ದವರು ಹಿಂತಿರುಗಿಸುವಾಗ ಮಾತ್ರ ಸ್ವಲ್ಪ ತಡ.

ಹೋದ ವರ್ಷ ನಮ್ಮ ಬೀದಿಗೆ ಹೂ ತರುವಾಕೆಯ ಮಗಳಿಗೆ ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕಾಯಿತು. ರಾಯರೇ ಕರೆದುಕೊಂಡು ನಾಡಕಚೇರಿಗೆ ಹೊರಟರು, ಜೊತೆಗೆ ನಾನು. ಬ್ಯಾಗು ಎಂದಿಗಿಂತ ದಪ್ಪಗಿತ್ತು. ಕೌಂಟರಿನಲ್ಲಿ ಹೊಸದಾಗಿ ಬಂದ ಹುಡುಗಿ. ರಾಯರು ಜಿಪ್ ಎಳೆದು, ಮೊದಲ ಸೆಟ್ಟನ್ನು ಹೊರತೆಗೆಯುವಷ್ಟರಲ್ಲಿ ಅವಳು, “ಅವೆಲ್ಲ ಬೇಡ ಸಾರ್. ಇವರ ವಿವರ ಎಲ್ಲ ಕಂಪ್ಯೂಟರಲ್ಲೇ ಇದೆ. ರೇಷನ್ ಕಾರ್ಡ್ ನಂಬರ್ ಹೇಳಿ, ಈಗಲೇ ಪ್ರಿಂಟ್ ಕೊಡ್ತೀನಿ” ಎಂದಳು. ನಂಬರ್ ಹೇಳಿದ್ದಾಯಿತು. ಪ್ರಿಂಟರ್ ಗುರ್ರೆಂದಿತು. ಪ್ರಮಾಣಪತ್ರ ಬಂತು. ಐದು ವರ್ಷ ನಡೆಯುತ್ತೆ ಅಂದಳು.

ಹೂವಿನಾಕೆ ಕೈ ಮುಗಿದು ಹೊರಟೇಬಿಟ್ಟಳು. ರಾಯರು ಹೊರಡಲಿಲ್ಲ. ಹೊರತೆಗೆದ ಸೆಟ್ಟನ್ನು ಒಳಗಿಡುವುದೋ ಕೊಡುವುದೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು.

“ಅಲ್ಲಮ್ಮಾ, ತಲಾಟಿ ವರದಿ?”

“ಬೇಡ ಸಾರ್.”

“ಎರಡು ಫೋಟೋ?”

“ಬೇಡ ಸಾರ್.”

“ನಾಳೆ ಸ್ಕೂಲಿನವರು ‘ಇದಕ್ಕೆ ಯಾವ ದಾಖಲೆ ಕೊಟ್ಟಿರಿ’ ಅಂತ ಕೇಳಿದರೆ? ಆ ಹೆಂಗಸು ಏನು ಹೇಳಬೇಕು?”

“ಯಾವುದೂ ಬೇಕಾಗಿಲ್ಲ ಅಂತ ಹೇಳಲಿ ಸಾರ್.”

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತುಂಬ ಮೃದುವಾಗಿ ಕೇಳಿದರು: “ಹಾಗಾದರೆ ಒಂದು ಉಪಕಾರ ಮಾಡಮ್ಮ. ‘ಸದರಿ ಪ್ರಮಾಣಪತ್ರಕ್ಕೆ ಯಾವುದೇ ದಾಖಲೆಯ ಅಗತ್ಯ ಇರುವುದಿಲ್ಲ’ ಅಂತ ಒಂದು ಹಿಂಬರಹ ಕೊಟ್ಟುಬಿಡು. ಸೀಲ್ ಹಾಕಿ.”

ಹುಡುಗಿ ಪಕ್ಕದ ಮೇಜಿನ ಹಿರಿಯ ಗುಮಾಸ್ತರ ಕಡೆ ನೋಡಿದಳು. ಅವರು ಕಂಪ್ಯೂಟರಿನಿಂದ ತಲೆ ಎತ್ತಿ ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಹಳ ದಿನದ ಮೇಲೆ ತಮ್ಮ ಭಾಷೆ ಆಡುವವರೊಬ್ಬರು ಸಿಕ್ಕ ಸಂತೋಷ ಅವರ ಮುಖದಲ್ಲಿತ್ತು.

“ಕೊಡಬಹುದು ಸಾರ್. ಅದಕ್ಕೆ ಒಂದು ಅರ್ಜಿ ಕೊಡಿ. ಜೊತೆಗೆ ಆಧಾರ್ ಜೆರಾಕ್ಸ್.”

“ಬಣ್ಣದ್ದೋ, ಕಪ್ಪು ಬಿಳುಪೋ?” ಎಂದರು ರಾಯರು.