ಹೆಚ್ಚುವರಿ ಪ್ರಭಾರದಲ್ಲಿರುವ ಬ್ಲೇಡಿನ ಜೊತೆ

ಅವರ್ಸಾದಲ್ಲಿ ಹೆದ್ದಾರಿ 66ರಿಂದ ಕೂಗಳತೆಯಲ್ಲಿ ಏಳುತ್ತಿರುವ ಮನೆಯೊಂದರ ಜಗಲಿಯಲ್ಲಿ, ಮೊಳೆಗೆ ನೇತುಬಿದ್ದಿದ್ದ ನಾಲ್ಕಿಂಚಿನ ಡೈಮಂಡ್ ಬ್ಲೇಡ್ ಮಾತಿಗೆ ಸಿಕ್ಕಿತು. ಮೇಸ್ತ್ರಿ ಊಟಕ್ಕೆ ಹೋಗಿದ್ದರು, ಕರೆಂಟೂ ಹೋಗಿತ್ತು. ಇವೆರಡೂ ಕೂಡಿ ಬಂದರೆ ಮಾತ್ರ ತನಗೆ ಬಿಡುವು ಎಂದಿತು.

ನಾನು: ತಮ್ಮ ಹುದ್ದೆ?

ಬ್ಲೇಡ್: ಮೂಲ ಹುದ್ದೆ ಚಿರೇಕಲ್ಲು ಮತ್ತು ಕಾಂಕ್ರೀಟು. ಹೆಚ್ಚುವರಿ ಪ್ರಭಾರದಲ್ಲಿ ಟೈಲ್ಸ್, ಗ್ರಾನೈಟು, ನೀರಿನ ಪೈಪು. ಮೊನ್ನೆ ಹಲಸಿನ ಬಾಗಿಲಚೌಕಟ್ಟೂ ಸೇರಿತು. ಸರ್ಕಾರಿ ಕಚೇರಿಯಲ್ಲಿ ಒಬ್ಬರೇ ಮೂರು ಕುರ್ಚಿ ನೋಡಿಕೊಳ್ಳುವುದಿಲ್ಲವೇ, ಹಾಗೆ. ಭತ್ಯೆ ಮಾತ್ರ ಇಲ್ಲ.

ನಾನು: ವಜ್ರ ಅಂದಮೇಲೆ ಎಲ್ಲವನ್ನೂ ಕೊಯ್ಯಬೇಕಲ್ಲ?

ಬ್ಲೇಡ್: ಎಲ್ಲರೂ ಎಡವುವುದು ಅಲ್ಲೇ ಮಾರಾಯ್ರೇ. ನಾನು ಕೊಯ್ಯುವುದೇ ಇಲ್ಲ, ತಿಕ್ಕುವುದು. ನನ್ನ ಅಂಚು ಅಂದರೆ ಒತ್ತಿ ಕಾಯಿಸಿದ ಲೋಹದ ಪುಡಿ, ಅದರೊಳಗೆ ಕಾರ್ಖಾನೆಯಲ್ಲಿ ಮಾಡಿದ ವಜ್ರದ ಸಣ್ಣ ಹರಳು. ಹರಳು ಮೊಂಡಾದ ಮೇಲೆ ಸುತ್ತಲಿನ ಲೋಹ ಸವೆದು ಅದು ಉದುರಬೇಕು, ಒಳಗಿನ ಹೊಸ ಹರಳು ಮುಖ ತೋರಿಸಬೇಕು. ಚಿರೇಕಲ್ಲು ಮೆದು, ಆದರೆ ಒರಟು, ಲೋಹವನ್ನೇ ತಿನ್ನುತ್ತದೆ. ಅದಕ್ಕೇ ನನಗೆ ಗಟ್ಟಿ ಲೋಹ ಹಾಕಿದ್ದಾರೆ. ವಿಟ್ರಿಫೈಡ್ ಟೈಲ್ಸ್ ಗಟ್ಟಿ, ನುಣುಪು. ಗಟ್ಟಿ ಲೋಹ ಅದರ ಮೇಲೆ ಸವೆಯುವುದೇ ಇಲ್ಲ. ಅದಕ್ಕೆ ಮೆದು ಲೋಹದವನನ್ನು ಕರೆಯಬೇಕು. ಗಟ್ಟಿಗೆ ಮೆದು, ಮೆದುವಿಗೆ ಗಟ್ಟಿ. ಇದು ಉಲ್ಟಾ ಅನಿಸುತ್ತದೆಂದು ಯಾರೂ ನಂಬುವುದಿಲ್ಲ.

ನಾನು: ನಂಬದೆ ಏನು ಮಾಡುತ್ತಾರೆ?

ಬ್ಲೇಡ್: ‘ಇನ್ನೂ ಒತ್ತು’ ಅನ್ನುತ್ತಾರೆ. ಒತ್ತಿದಷ್ಟೂ ಕಾಯುತ್ತೇನೆ, ಅಂಚು ನುಣ್ಣಗಾಗುತ್ತದೆ, ಕಿಡಿ ಹಾರುತ್ತದೆ. ಆಮೇಲೆ ‘ಬ್ಲೇಡ್ ಮುಗೀತು’ ಅಂತ ಎಸೆಯುವುದು. ಹೊರಗೆ ಬಿದ್ದಿರುವ ಚಿರೇಕಲ್ಲಿನ ತುಂಡಿನಲ್ಲೋ ಸಿಮೆಂಟ್ ಬ್ಲಾಕಿನಲ್ಲೋ ನಾಲ್ಕು ಸಲ ಆಡಿಸಿದರೆ ಹೊಸ ಹರಳು ಮೇಲೆ ಬರುತ್ತದೆ. ಅಂಕೋಲಾ–ಕಾರವಾರದಲ್ಲಿ ಚಿರೇಕಲ್ಲಿಗೆ ಬರವೇ?

ನಾನು: ಅಂಗಡಿಯಲ್ಲಿ ನಿಮ್ಮವರು ಬೇರೆಬೇರೆ ಮುಖದವರಿದ್ದಾರೆ.

ಬ್ಲೇಡ್: ಅಂಚು ಎಲ್ಲೂ ಒಡೆಯದೆ ಸುತ್ತಿ ಬಂದಿರುವವನು ಟೈಲ್ಸಿನವನು. ನಿಧಾನ, ನೀರಿಲ್ಲದೆ ಏಳುವುದಿಲ್ಲ, ಆದರೆ ಚಕ್ಕೆ ಎಬ್ಬಿಸುವುದಿಲ್ಲ. ಅಂಚಿಗೆ ಓರೆ ಗೀರು ಇರುವವನು ಟರ್ಬೊ. ಗ್ರಾನೈಟಿಗೆ ಸೈ, ಅವಸರವಿದ್ದರೆ ಟೈಲ್ಸಿಗೂ ನಡೆಯುತ್ತದೆ. ನಾನು ಕಚ್ಚಿನವನು. ಧೂಳು ಹೊರಬೀಳಲಿ, ಗಾಳಿಯಾಡಲಿ ಅಂತ ಬಾಯಿ ಬಿಟ್ಟುಕೊಂಡಿದ್ದೇನೆ. ನನ್ನನ್ನು ಗುಜರಾತಿನ ಮೊರ್ಬಿಯಿಂದ ಬಂದ ಎರಡು-ನಾಲ್ಕರ ಟೈಲ್ಸಿನ ಮೇಲೆ ಬಿಟ್ಟರೆ ಅಂಚು ಏನಾಗಬೇಕು? ಏನಾಯಿತೋ ಅದನ್ನು ಬಿಳಿ ಸಿಮೆಂಟು ಬಳಿದು ಮುಚ್ಚಿದರು. ಚೌಕಟ್ಟಿನ ಮೂಲೆಗೆ ಎಲ್ ಆಕಾರ ತೆಗೆಯುವಾಗ ಒಳಮೂಲೆಯಲ್ಲಿ ಮೊದಲು ಒಂದು ತೂತು ಕೊರೆದುಕೊಂಡಿದ್ದರೆ ಬಿರುಕೂ ಓಡುತ್ತಿರಲಿಲ್ಲ. ಅದಕ್ಕೂ ನನ್ನನ್ನೇ ಬೈದರು.

ನಾನು: ಹಲಸಿನ ಚೌಕಟ್ಟು?

ಬ್ಲೇಡ್: ಹೊಗೆ ಬಂತು, ಮರ ಬರಲಿಲ್ಲ. ಮರಕ್ಕೆ ಕಾರ್ಬೈಡ್ ಹಲ್ಲಿನವನು ಬೇಕು. ಪ್ಲೈವುಡ್ಡಿಗೆ ಹಲ್ಲು ಹೆಚ್ಚು, ದಪ್ಪ ಹಲಗೆ ಉದ್ದಕ್ಕೆ ಸೀಳಲು ಕಡಿಮೆ. ಅವನನ್ನು ತಂದು ಕೈಗ್ರೈಂಡರಿಗೆ ಸಿಕ್ಕಿಸುವ ಧೀರರೂ ಇದ್ದಾರೆ. ಹಲ್ಲು ಮರದಲ್ಲಿ ಕಚ್ಚಿತೋ, ನಿಮಿಷಕ್ಕೆ 11,000 ಸುತ್ತು ತಿರುಗುವ ಮಷಿನ್ ಹಿಂದಕ್ಕೆ ಒದೆಯುತ್ತದೆ. ಅಡ್ಡ ಇರಬೇಕಾದ ಗಾರ್ಡನ್ನು ಮಷಿನ್ ಬಂದ ದಿನವೇ ಬಿಚ್ಚಿ ಗೋಣಿಯೊಳಗೆ ಹಾಕಿರುತ್ತಾರೆ.

ನಾನು: ಕಬ್ಬಿಣ?

ಬ್ಲೇಡ್: ಅದು ಆ ತೆಳ್ಳಗಿನ ಕಟಿಂಗ್ ವೀಲಿನ ಪಾಲು. ಅಂಟಿನಲ್ಲಿ ಕಟ್ಟಿದ ಜೀವ, ತೇವ ತಿಂದರೆ ಕುಗ್ಗುತ್ತದೆ. ಒಳ್ಳೆಯ ಕಂಪನಿಯದಾದರೆ ನಡುವಿನ ಬಳೆಯ ಮೇಲೆ ಅವಧಿ ಒತ್ತಿರುತ್ತಾರೆ, ತಯಾರಾದಂದಿನಿಂದ ಸಾಮಾನ್ಯವಾಗಿ ಮೂರು ವರ್ಷ. ಕಾರವಾರದ ಮಳೆಗಾಲವನ್ನು ತೆರೆದ ಶೆಡ್ಡಿನಲ್ಲಿ ಕಳೆದ ವೀಲನ್ನು ತಿರುಗಿಸುವವನ ಎದುರು ನಿಲ್ಲಬೇಡಿ. ಬಿಸ್ಕತ್ತಿನ ಪೊಟ್ಟಣದ ತಾರೀಕು ಓದುವವರು ಇದನ್ನು ಓದುವುದಿಲ್ಲ.

ನಾನು: ಕಬ್ಬಿಣದ ಮಾತು ಬಂತು ಅಂತ ಕೇಳುತ್ತೇನೆ. ಇಲ್ಲೇ ಪಕ್ಕದ ಬೇಲೇಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಅದಿರು ಲಕ್ಷಾಂತರ ಟನ್ನು ಮಾಯವಾಯಿತಲ್ಲ, ಅದಕ್ಕೆ ಯಾವ ಬ್ಲೇಡ್?

ಬ್ಲೇಡ್: ನಾನು ಒಂದು ಟೈಲ್ಸ್ ಮುಟ್ಟಿದರೆ ಇಡೀ ಓಣಿಗೆ ಕೇಳುತ್ತದೆ. ಅಲ್ಲಿ ಸದ್ದೂ ಇಲ್ಲ, ಧೂಳೂ ಇಲ್ಲ. ಅಂಥ ಬ್ಲೇಡ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಲ್ಲ ಮಾರಾಯ್ರೇ.

ನಾನು: ಧೂಳು ಅಂದಿರಿ...

ಬ್ಲೇಡ್: ಹೌದು, ಇದು ತಮಾಷೆಯಲ್ಲ. ಟೈಲ್ಸು, ಗ್ರಾನೈಟಿನ ಧೂಳಿನಲ್ಲಿ ಸಿಲಿಕಾ ಇದೆ. ಶ್ವಾಸಕೋಶಕ್ಕೆ ಇಳಿದರೆ ಮರಳಿ ಬರುವುದಿಲ್ಲ, ಸಿಲಿಕೋಸಿಸ್‌ಗೆ ಮದ್ದೂ ಇಲ್ಲ. ನೀರು ಬಿಟ್ಟು ಕೊಯ್ದರೆ ಧೂಳು ಅಡಗುತ್ತದೆ. ನೀರು ಬಿಡುತ್ತಾರೆ ಕೂಡ: ಹುಡುಗನೊಬ್ಬ ಬಗ್ಗಿ ಮಗ್ಗಿನಿಂದ ಸುರಿಯುತ್ತಾನೆ, ಕಾಲಡಿಯಲ್ಲಿ ಅದೇ ನೀರು, ಪಕ್ಕದಲ್ಲಿ ಪ್ಲಗ್ಗೇ ಇಲ್ಲದ ವೈರಿನ ಎರಡು ತುದಿ ಬೆಂಕಿಕಡ್ಡಿ ಒತ್ತಿ ಸಾಕೆಟ್ಟಿಗೆ ತುರುಕಿದ್ದು. ಹುಡುಗನ ಮುಖಕ್ಕೆ ಟವೆಲ್ಲು.

ನಾನು: ಇಷ್ಟೆಲ್ಲ ತಿಳಿದೂ ಸರಿಯಾದ ಬ್ಲೇಡ್ ಯಾಕೆ ತರುವುದಿಲ್ಲ? ಮೇಸ್ತ್ರಿಗೆ ಗೊತ್ತಿಲ್ಲವೇ?

ಬ್ಲೇಡ್: ಮೇಸ್ತ್ರಿಗೆ ನನಗಿಂತ ಚೆನ್ನಾಗಿ ಗೊತ್ತು. ಲೆಕ್ಕ ನೋಡಿ. ಕೆಲಸ ಚದರಡಿ ಲೆಕ್ಕದ ಕರಾರು. ಟೈಲ್ಸ್ ಮಾಲೀಕರದ್ದು, ಬ್ಲೇಡ್ ಮೇಸ್ತ್ರಿಯ ಕಿಸೆಯದ್ದು. ಚಕ್ಕೆ ಎದ್ದರೆ ನಷ್ಟ ಮಾಲೀಕರಿಗೆ, ಬ್ಲೇಡ್ ಬದಲಿಸಿದರೆ ನಷ್ಟ ಮೇಸ್ತ್ರಿಗೆ. ಮಾಲೀಕರು ಟೈಲ್ಸಿನ ಬಣ್ಣ ಆರಿಸಲು ಕುಟುಂಬ ಸಮೇತ ಕಾರವಾರ, ಕುಮಟಾ, ಹುಬ್ಬಳ್ಳಿ ಎಲ್ಲಾ ತಿರುಗುತ್ತಾರೆ. ಇನ್ನೂರು ಮುನ್ನೂರರ ಬ್ಲೇಡು ಕೇಳಿದರೆ ‘ಅದೆಲ್ಲ ನಿಮ್ಮ ರೇಟಿನಲ್ಲೇ ಬಂತಲ್ಲ’ ಅನ್ನುತ್ತಾರೆ. ಹಾಗಾಗಿ ಎಲ್ಲಾ ಕೆಲಸಕ್ಕೂ ನಾನೊಬ್ಬನೇ. ಅಂದಹಾಗೆ, ಈ ಮನೆ ಯಾರದ್ದು?

ನಾನು: ನಮ್ಮದೇ.

ಬ್ಲೇಡ್: ಕರಾರಿನಲ್ಲಿ ಬ್ಲೇಡಿನ ಖರ್ಚು ಯಾರಿಗೆ ಬರೆದಿದ್ದೀರಿ?

ನಾನು: ಪ್ರಶ್ನೆ ಕೇಳುವವನು ನಾನು.